ಪ್ಲೇಟಿನಲ್ಲಿ ಐದು, ಮೋಟಾರಿನಲ್ಲಿ ಹತ್ತು

೧೯೮೬ರ ಬೇಸಿಗೆಯಲ್ಲಿ ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಅದೇ ವಾರ ಆ ಭಾಗದ ಲೈನ್‌ಮನ್ ತಿಪ್ಪೇಸ್ವಾಮಿಯನ್ನು ಅಮಾನತಿನಲ್ಲಿಟ್ಟು ವಿಚಾರಣೆಗೆ ಆದೇಶಿಸಲಾಯಿತು. ಫ್ಯೂಸ್ ಇರಬೇಕಾದ ಜಾಗದಲ್ಲಿ ದಪ್ಪ ತಾಮ್ರದ ತಂತಿ ಕಟ್ಟಿದ್ದ ಎಂಬುದು ಆರೋಪ. ಸಾಬೀತಾದರೆ ಅವನ ಕೆಲಸ ಹೋಗುತ್ತಿತ್ತು.

ನಮ್ಮ ಪತ್ರಿಕೆಯ ಒಳಪುಟದಲ್ಲಿ ಇದರ ಬಗ್ಗೆ ಒಂದು ಪ್ಯಾರಾ ಬಂತು. ಬರೆದವನು ನಾನು. ಅದರಲ್ಲಿ ತಪ್ಪೇನೂ ಇರಲಿಲ್ಲ. ಟ್ರಾನ್ಸ್‌ಫಾರ್ಮರ್ ಯಾಕೆ ಸುಟ್ಟಿತು ಎಂಬುದು ಮಾತ್ರ ಇರಲಿಲ್ಲ. ಅದನ್ನು ಹೇಳಬೇಕಾದರೆ ಕರೆಂಟಿನ ದರ ಎಲ್ಲಿಂದ ಹುಟ್ಟುತ್ತದೆ ಎಂಬಲ್ಲಿಂದ ಶುರುಮಾಡಬೇಕು. ತಾಲ್ಲೂಕು ವರದಿಗಾರಿಕೆಗೆ ಈಗ ಬರುತ್ತಿರುವವರು ದರ ಏರಿಕೆಯ ಸುದ್ದಿಯನ್ನು ಅಧಿಕಾರಿಯ ಒಂದು ಹೇಳಿಕೆ, ಮುಖಂಡರ ಒಂದು ಖಂಡನೆಯಲ್ಲಿ ಮುಗಿಸುತ್ತಾರೆ. ನಾನು ಕೂಡ ಹಾಗೇ ಶುರುಮಾಡಿದವನು.

ನನ್ನ ಪತ್ರಿಕೆ ದಾವಣಗೆರೆಯಲ್ಲಿ ಅಚ್ಚಾಗುತ್ತಿತ್ತು. ಚನ್ನಗಿರಿ, ಹೊನ್ನಾಳಿ ಆಗ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ಜಗಳೂರು ಚಿತ್ರದುರ್ಗ ಜಿಲ್ಲೆಯದು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಹೋಬಳಿ ಊರು. ಈ ನಾಲ್ಕೂ ಕಡೆಯ ಸುದ್ದಿ ನನ್ನ ಪಾಲಿಗಿತ್ತು. ಬರೆದದ್ದನ್ನು ಕವರಿಗೆ ಹಾಕಿ ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕು. ಬಸ್ಸು ಕೆಟ್ಟರೆ ಸುದ್ದಿಯೂ ಕೆಟ್ಟಿತು.

೧೯೭೨ರ ಸುಮಾರಿಗೆ ಚನ್ನಗಿರಿಯಲ್ಲಿ ವಿದ್ಯುತ್ ಕಚೇರಿಯ ಎಂಜಿನಿಯರ್ ಆಗಿದ್ದವರು ನರಸಿಂಹಮೂರ್ತಿ. ಮೈಸೂರು ಕಡೆಯವರು, ಮೆಲುಮಾತಿನವರು. ನಮ್ಮ ಕರೆಂಟು ಶರಾವತಿಯ ನೀರಿನದು, ನೀರಿಗೆ ಕಾಸಿಲ್ಲ, ಆದರೂ ದರ ಏರಿಸುತ್ತಾರೆ ಎಂದು ನಾನು ಬರೆದಿದ್ದೆ. ಅವರು ಕಚೇರಿಗೆ ಕರೆಸಿದರು. ಬೈಗುಳಕ್ಕೆ ತಯಾರಾಗಿ ಹೋದೆ. ಕಾಫಿ ತರಿಸಿದರು.

"ನಿಮ್ಮ ಮನೆಯಲ್ಲಿ ಎತ್ತಿದೆಯೇನ್ರಿ?"

"ಅಪ್ಪನ ಹತ್ತಿರ ಒಂದು ಜೊತೆ ಇವೆ ಸಾರ್."

"ಹೂಡಿದ ದಿನ ಮಾತ್ರ ಮೇವು ಹಾಕ್ತಾರೋ?"

"ದಿನಾ ಹಾಕಬೇಕಲ್ಲ."

"ಅಣೆಕಟ್ಟೂ ಹಾಗೇ. ನೀರು ಬಿಟ್ಟಿ, ಒಪ್ಪಿದೆ. ಕಟ್ಟಿದ ಸಾಲ ಬಿಟ್ಟಿ ಅಲ್ಲ. ನೀವು ದೀಪ ಹಚ್ಚಿದರೂ ಆರಿಸಿದರೂ ಬಡ್ಡಿ ಓಡ್ತಾ ಇರುತ್ತೆ. ಆ ಬಡ್ಡೀನ ಯಾರ ಬಿಲ್ಲಿಗೆ ಎಷ್ಟು ಹಂಚಬೇಕು ಅನ್ನೋದೇ ದರ."

ಅವರು ಮತ್ತೂ ಒಂದು ಮಾತು ಸೇರಿಸಿದರು. ವಿದ್ಯುತ್ ಸ್ಥಾವರವನ್ನು ಇಡೀ ದಿನದ ಬಳಕೆ ನೋಡಿ ಕಟ್ಟುವುದಿಲ್ಲ. ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕಿದ ಗಳಿಗೆಯಲ್ಲಿ ಎಷ್ಟು ಬೇಕೋ ಅಷ್ಟಕ್ಕೆ ಕಟ್ಟುತ್ತಾರೆ. ಟ್ರಾನ್ಸ್‌ಫಾರ್ಮರ್ ಕೂಡ ಹಾಗೆಯೇ. ಆ ಗಳಿಗೆ ಎಷ್ಟು ದೊಡ್ಡದೋ ಖರ್ಚೂ ಅಷ್ಟು ದೊಡ್ಡದು. ಗಿರಣಿಗಳಿಗೆ ಮೋಟಾರಿನ ಎಚ್.ಪಿ. ನೋಡಿ ಓಡಿಸಲಿ ಬಿಡಲಿ ತಿಂಗಳಿಗೆ ಇಷ್ಟು ಎಂದು 'ಮಿನಿಮಮ್' ಹಾಕುವುದು ಇದಕ್ಕೇ.

ಈ ವಿವರವನ್ನು ಕೇಳಿದ ಹಾಗೆಯೇ ಬರೆದೆ. ಅದನ್ನು ಓದಿ ಸಿಟ್ಟಿಗೆದ್ದವರು ಹೊನ್ನಾಳಿಯ ಅಕ್ಕಿ ಗಿರಣಿ ರುದ್ರಪ್ಪ. ಕೆಲವು ವರ್ಷಗಳ ಮೇಲೆ, ಜಲಾಶಯದಲ್ಲಿ ನೀರಿಳಿದು ಕರೆಂಟ್ ಕಡಿತ ಜಾರಿಯಲ್ಲಿದ್ದ ಒಂದು ಬೇಸಿಗೆಯಲ್ಲಿ, ಅದೇ ನರಸಿಂಹಮೂರ್ತಿಯವರು ಹೊನ್ನಾಳಿಗೆ ಬಂದು ಗಿರಣಿಯವರ ಸಭೆ ಕರೆದರು. ನಾನು ಹಿಂದಿನ ಸಾಲಿನಲ್ಲಿದ್ದೆ. ರುದ್ರಪ್ಪ ಎದ್ದುನಿಂತು ಹೆಗಲ ಟವೆಲ್ಲು ತೆಗೆದು ಕೈಗೆ ಸುತ್ತಿಕೊಂಡರು.

"ಸಾಹೇಬ್ರೆ, ಎತ್ತು ಮೇಯ್ತೈತೆ ಅಂತ ಪೇಪರ್‌ನಾಗೆ ಬರೆಸಿದ್ರಿ. ಒಪ್ಪಿದೆ. ಎತ್ತು ನನ್ ಹೊಲಕ್ಕೆ ಬಂದ್ರೆ ಮೇವು ಹಾಕಾಕೆ ತಯಾರಿದೀನಿ. ನೀವು ಎತ್ತು ನಿಮ್ ಕೊಟ್ಟಿಗ್ಯಾಗೆ ಕಟ್ಕೊಂಡು, ಮೇವಿಗೆ ಮಾತ್ರ ನನ್ ಮನೆ ಬಾಗ್ಲು ಬಡಿದ್ರೆ ಹೆಂಗೆ?"

ಸಭೆ ನಕ್ಕಿತು. ನರಸಿಂಹಮೂರ್ತಿಯವರೂ ನಕ್ಕರು.

"ದರ ಹಾಕೋದು ನಾನಲ್ಲ ರುದ್ರಪ್ಪನವರೇ. ನಿಮ್ಮ ಪ್ರಶ್ನೆ ಮೇಲಕ್ಕೆ ಕಳಿಸ್ತೀನಿ."

"ಕಳಿಸ್ರಿ ಕಳಿಸ್ರಿ. ಅದ್ಕೂ ಮಿನಿಮಮ್ ಹಾಕ್ಯಾರು."

ನಾನು ಎರಡೂ ಮಾತನ್ನು ಪಕ್ಕಪಕ್ಕದಲ್ಲಿ ಬರೆದೆ. ಯಾರದು ಸರಿ ಎಂದು ಬರೆಯಲಿಲ್ಲ. ಇಬ್ಬರದೂ ಸರಿಯಾಗಿತ್ತು. ಗಿರಣಿ ನಿಂತರೂ ಮಿನಿಮಮ್ ಬರುತ್ತಲೇ ಇತ್ತು.

ತಿಪ್ಪೇಸ್ವಾಮಿಯನ್ನು ನಾನು ಮೊದಲು ಕಂಡದ್ದು ನ್ಯಾಮತಿಯಲ್ಲಿ, ಎಪ್ಪತ್ತರ ದಶಕದ ಕೊನೆಗೆ. ಹೊಸದಾಗಿ ಕೆಲಸಕ್ಕೆ ಸೇರಿದ್ದ. ರೈತರ ಪಂಪ್‌ಸೆಟ್ಟುಗಳಿಗೆ ಆಗ ಮೀಟರ್ ಇತ್ತು. ಮೀಟರು ಬಾವಿಯ ಪಕ್ಕದ ಡಬ್ಬಿಯಲ್ಲಿ, ಡಬ್ಬಿ ಹೊಲದ ನಡುವೆ. ಅವನು ಟವೆಲ್ಲನ್ನು ತಲೆಗೂ ಮುಖಕ್ಕೂ ಸುತ್ತಿಕೊಂಡು ಒಂದು ಡಬ್ಬಿಯ ಬಾಗಿಲನ್ನು ಕೋಲಿನಿಂದ ತೆರೆಯುತ್ತಿದ್ದ.

"ಯಾಕಪ್ಪ ಈ ವೇಷ?"

"ದೂರ ನಿಲ್ರಿ ಅಣ್ಣಾ. ಒಳಗೆ ಕಣಜದ ಗೂಡೈತೆ. ಯೂನಿಟ್ ಎಷ್ಟು ಅಂತ ಅವನ್ನೇ ಕೇಳಿ ಬರ್ಕೊಂಡು ಹೋಗ್ಬೇಕು."

ಒಂದು ಹೊಲದ ಮೀಟರ್ ಓದಲು ನಡೆಯುವ ಶ್ರಮ ಅಲ್ಲಿಂದ ಬರುವ ಹಣಕ್ಕೆ ಸಾಟಿಯಾಗುತ್ತಿರಲಿಲ್ಲ. ಓದಿದವರು ಕಡಿಮೆ, ಅಂದಾಜಿಗೆ ಬರೆದವರು ಹೆಚ್ಚು. ಎಂಬತ್ತರ ದಶಕ ಶುರುವಾಗಿ ಸ್ವಲ್ಪ ಕಾಲಕ್ಕೆ ರೈತರ ಒತ್ತಾಯವೂ ಸೇರಿ ನಮ್ಮ ಕಡೆ ಹೊಲದ ಮೀಟರುಗಳು ಹೋದವು. ಮೋಟಾರಿನ ಎಚ್.ಪಿ. ಎಷ್ಟೋ ಅಷ್ಟಕ್ಕೆ ವರ್ಷಕ್ಕೊಂದು ದರ ಬಂತು. ಐದರ ಮೋಟಾರಿಗೆ ಐದರ ದರ. ಎಷ್ಟು ಹೊತ್ತು ಓಡಿಸಿದರೂ ಅಷ್ಟೇ. ನೀರಿನ ಕರೆಂಟಿಗೆ ಈ ಲೆಕ್ಕ ಕೆಟ್ಟದ್ದಲ್ಲ, ಖರ್ಚೆಲ್ಲ ಕಟ್ಟುವುದರಲ್ಲೇ ಮುಗಿದಿರುತ್ತದೆ ಎಂದು ನರಸಿಂಹಮೂರ್ತಿಯವರು ಆಗ ಹೇಳಿದ್ದರು. ಕಣಜದ ಕಾಟ ತಪ್ಪಿತು ಎಂದು ತಿಪ್ಪೇಸ್ವಾಮಿ ಹೇಳಿದ. ಮುಂದೆ ಅವನಿಗೆ ತನ್ನ ಸೀಮೆಗೇ, ಜಗಳೂರಿಗೆ, ವರ್ಗವಾಯಿತು.

ಆಮೇಲೆ ಕಲ್ಲಿದ್ದಲು ಬಂತು. ರಾಯಚೂರಿನ ಕಡೆ ಕಲ್ಲಿದ್ದಲಿನ ಸ್ಥಾವರ ಕರೆಂಟು ಕೊಡಲು ಶುರುಮಾಡಿದ ಹೊತ್ತಿನಲ್ಲಿ ನಾನು ನರಸಿಂಹಮೂರ್ತಿಯವರನ್ನು ಮತ್ತೆ ಕಂಡೆ.

"ಇದು ಎತ್ತಲ್ಲ, ಲಾರಿ" ಎಂದರು. "ನಿಂತರೆ ಕಂತು, ಓಡಿದರೆ ಕಂತೂ ಹೌದು, ಡೀಸೆಲ್ಲೂ ಹೌದು. ಒಂದೊಂದು ಯೂನಿಟ್ಟಿಗೂ ಒಂದಿಷ್ಟು ಕಲ್ಲಿದ್ದಲು ಉರಿದು ಹೋಗಿರುತ್ತೆ. ಎಷ್ಟು ಹೊತ್ತು ಓಡಿಸಿದರೂ ಅಷ್ಟೇ ದರ ಅನ್ನೋದು ಇನ್ನು ನಡೆಯೋದು ಕಷ್ಟ."

"ರೈತರ ದರ ಏರುತ್ತಾ ಸಾರ್?"

"ಪರಿಶೀಲನೆಯಲ್ಲಿದೆ. ಅಷ್ಟೇ ಬರೀರಿ."

ಅಷ್ಟೇ ಬರೆದೆ. ಬೆಳಿಗ್ಗೆ ಪತ್ರಿಕೆ ನೋಡಿದರೆ ತಲೆಬರಹ: 'ಪಂಪ್‌ಸೆಟ್ ದರ ಏರಿಕೆ ಖಚಿತ'. ದಾವಣಗೆರೆಗೆ ಟ್ರಂಕ್ ಕಾಲ್ ಹಾಕಿ ಸಂಪಾದಕರನ್ನು ಕೇಳಿದೆ. ಅವರಿಗೆ ನನಗಿಂತ ಜೋರು ದನಿ.

"ಏನಯ್ಯಾ, ಪರಿಶೀಲನೆಯಲ್ಲಿ ಅನ್ನೋದು ಎರಡು ಕಾಲಮ್ಮಿಗೆ ಕೂರಲ್ಲ. ದೊಡ್ಡ ಅಚ್ಚುಮೊಳೆ ಜೋಡಿಸಿ ನೋಡು ಬಂದು. ಖಚಿತ ಕೂತ್ಕೊಳ್ತು, ಹಾಕಿದ್ವಿ."

"ಸುದ್ದಿ ಒಳಗೆ ಬೇರೆ ಇದೆಯಲ್ಲ ಸಾರ್."

"ಒಳಗೆ ಓದೋರು ಎಷ್ಟು ಜನ?"

ಇದು ಅವರು ತಮಾಷೆಗೆ ಹೇಳಿದ್ದಲ್ಲ. ತಲೆಬರಹ ಬರೆದ ಕೈ ನಿಮ್ಮದಲ್ಲದಿದ್ದರೂ ಊರಿನಲ್ಲಿ ಓಡಾಡುವ ಮುಖ ನಿಮ್ಮದು ಎಂಬುದನ್ನು ಹೊಸಬರು ತಿಳಿದಿರಬೇಕು. ಆ ವಾರ ನಾನು ಹೋದ ಕಡೆಯೆಲ್ಲ ಜನ ಅಡ್ಡಹಾಕಿ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಏರ್ತೈತೆ?

ಎಷ್ಟು ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಭಯ ಬೆಳೆಯಿತು. ಆ ಭಯದಲ್ಲಿ ಜಗಳೂರಿನ ಕಡೆ ಜನ ಒಂದು ದಾರಿ ಹುಡುಕಿದರು. ದರ ಹಾಕುವುದು ಎಚ್.ಪಿ. ನೋಡಿ. ಎಚ್.ಪಿ. ಬರೆದಿರುವುದು ಮೋಟಾರಿನ ಮೈಮೇಲಿನ ತಗಡಿನ ಪ್ಲೇಟಿನಲ್ಲಿ. ಕಚೇರಿಯವರು ನೋಡುವುದು ಪ್ಲೇಟನ್ನು, ಅಳೆಯುವುದಿಲ್ಲ. ಮೋಟಾರು ಎಳೆಯುವ ಕರೆಂಟು ಅಳೆಯುವ ಉಪಕರಣ ಇಡೀ ಉಪವಿಭಾಗಕ್ಕೆ ಒಂದಿತ್ತು, ಅದೂ ಯಾವಾಗಲೂ ಬೇರೆ ಊರಿನಲ್ಲಿರುತ್ತಿತ್ತು. ಬಾವಿ ಆಳವಾದಂತೆ ಐದರ ಮೋಟಾರು ತೆಗೆದು ಹತ್ತರದ್ದು ಕೂರಿಸಿದವರು ಪೇಟೆಯಲ್ಲಿ ಮೋಟಾರು ರಿಪೇರಿ ಮಾಡುವ ರಿವೈಂಡಿಂಗ್ ಅಂಗಡಿಗೆ ಹೋಗಿ ಐದರ ಪ್ಲೇಟು ಹೊಡೆಸಿಕೊಂಡು ಬಂದರು. ಆ ಹಳ್ಳಿಯಲ್ಲಿ ಒಬ್ಬರನ್ನು ನೋಡಿ ಒಬ್ಬರು ಮಾಡಿದರು. ಊರಿನ ಹೆಸರನ್ನು ನಾನು ಆಗಲೂ ಬರೆಯಲಿಲ್ಲ, ಈಗಲೂ ಬರೆಯುವುದಿಲ್ಲ.

ಅಲ್ಲಿನ ಟ್ರಾನ್ಸ್‌ಫಾರ್ಮರನ್ನು ಪ್ಲೇಟುಗಳ ಲೆಕ್ಕದಲ್ಲಿ ಕೂರಿಸಿದ್ದರು. ಮೋಟಾರುಗಳು ಎಳೆಯುತ್ತಿದ್ದದ್ದು ಅದರ ಎರಡರಷ್ಟು. ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕಿದರೆ ಫ್ಯೂಸ್ ಹೋಗುತ್ತಿತ್ತು. ಹೋಗಬೇಕಾದದ್ದೇ, ಫ್ಯೂಸ್ ಇರುವುದು ಅದಕ್ಕೇ. ಆದರೆ ದಿನಾ ಹೋದರೆ ನೀರು ಹಾಯುವುದಿಲ್ಲ. ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಬಂತು. ತಂತಿ ಕರಗಲಿಲ್ಲ, ಟ್ರಾನ್ಸ್‌ಫಾರ್ಮರ್ ಸುಟ್ಟಿತು.

ಅಮಾನತಾದ ಮೇಲೆ ನಾನು ತಿಪ್ಪೇಸ್ವಾಮಿಯ ಮನೆಗೆ ಹೋದೆ. ಇಲಾಖೆಯ ಕ್ವಾರ್ಟರ್ಸು, ಒಂದು ಕೋಣೆ, ಒಂದು ಅಡಿಗೆಮನೆ. ಕೆಲಸ ಹೋದರೆ ಅದೂ ಹೋಗುತ್ತದೆ. ಅವನ ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ತಂತಿ ಕಟ್ಟಿದ್ದು ನೀನಾ?" ಎಂದು ಕೇಳಿದೆ.

"ಅಲ್ಲ."

"ಯಾರು?"

ಉತ್ತರ ಕೊಟ್ಟವಳು ಅವನ ಹೆಂಡತಿ. "ಊರಿಗೆಲ್ಲ ಗೊತ್ತೈತೆ ಅಣ್ಣಾ. ಇವ್ರು ಬಾಯಿ ಬಿಡಾಕಿಲ್ಲ. ಬಾಯಾಗೆ ಬೀಗ ಹಾಕ್ಕೊಂಡು ಕುಂತಾರೆ."

"ಸುಮ್ನಿರೇ" ಎಂದ ತಿಪ್ಪೇಸ್ವಾಮಿ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ. "ಹೇಳಿದ್ರೆ ಆ ಲೈನಿನ ಮ್ಯಾಲೆ ನಾನು ಕಂಬ ಹತ್ತಾಕೆ ಆಗಲ್ಲ ಅಣ್ಣಾ. ನಾನು ಮ್ಯಾಲಿದ್ದಾಗ ಕೆಳಗೆ ಸ್ವಿಚ್ಚಿನ ತಾವ ಕೂರೋರು ಆ ಊರ್ನೋರೇ."

ಇದನ್ನು ವಿವರಿಸಬೇಕು. ಒಂದು ಸೆಕ್ಷನ್ನಿಗೆ ಲೈನ್‌ಮನ್ ಒಬ್ಬ, ಊರುಗಳು ಹಲವು. ಕಂಬ ಹತ್ತುವ ಮೊದಲು ಸ್ವಿಚ್ ಇಳಿಸಿ, ತಿಳಿಯದೆ ಯಾರೂ ಬಂದು ಎತ್ತದಂತೆ ಊರಿನವರೊಬ್ಬರನ್ನು ಅಲ್ಲಿ ಕೂರಿಸಿ ಹತ್ತುವುದು ಅಲ್ಲಿನ ರೂಢಿ. ನಿಯಮದಲ್ಲಿ ಇದಿಲ್ಲ. ಆ ಊರಿನಲ್ಲಿ ಹಾಗೆ ಕೂರುತ್ತಿದ್ದವರು ಹೆಚ್ಚಾಗಿ ಬೊಮ್ಮಕ್ಕ. ಟ್ರಾನ್ಸ್‌ಫಾರ್ಮರ್ ಇದ್ದದ್ದು ಅವರ ಹೊಲದ ಬದುವಿನಲ್ಲಿ. ಗಂಡ ತೀರಿದ ಮೇಲೆ ಬೇಸಾಯ ತಾವೇ ನಡೆಸುತ್ತಿದ್ದ ಹೆಂಗಸು, ಮಾತು ಬಿರುಸು.

ಹಳ್ಳಿಗೆ ಹೋದೆ. ಕಟ್ಟೆಯ ಮೇಲೆ ಏಳೆಂಟು ಜನ ಕೂತಿದ್ದರು. ಪಂಚಾಯ್ತಿಯಲ್ಲಿ ಓಡಾಡಿಕೊಂಡಿದ್ದ ಓಬಳೇಶಪ್ಪ ಎಲ್ಲರ ಪರವಾಗಿ ಮಾತಾಡಿದರು.

"ಲೈನ್‌ಮನ್ನೇ ಕಟ್ಟಿದ್ದು. ನಮ್ಗೇನು ಗೊತ್ತು ಕರೆಂಟಿನ ವಿಷ್ಯ?"

"ಮೋಟಾರುಗಳು ಐದರದ್ದೇನಾ ಯಜಮಾನ್ರೆ?"

"ಪ್ಲೇಟು ಐತೆ, ಓದ್ಕಳ್ರಿ. ಓದಾಕೆ ಬರ್ತೈತಲ್ಲ ನಿಮಗೆ?"

ನಗು ಬಂತು, ಬೇಗ ನಿಂತಿತು. ನಾನು ಎದ್ದು ಬರುವಾಗ ಓಬಳೇಶಪ್ಪ ಹಿಂದೆಯೇ ಬಂದು ದನಿ ಇಳಿಸಿದರು. "ಅಮಾನತ್ತು ಅಂದ್ರೆ ಏನ್ರಿ, ಮನ್ಯಾಗೆ ಕುಂತು ಅರ್ಧ ಸಂಬ್ಳ. ನಾಕು ದಿನ ಹೋದ್ರೆ ತಿರಗಾ ತಗಂತಾರೆ. ನಮ್ದು ಹಂಗಲ್ಲ. ಪ್ಲೇಟಿನ ಮಾತೆತ್ತಿದ್ರೆ ಊರೆಲ್ಲ ಲೈನ್ ಕಟ್. ಅವನೂ ಒಳ್ಳೆ ಹುಡುಗ, ಇಲ್ಲ ಅನ್ನಲ್ಲ."

ಸಂಪಾದಕರಿಗೆ ವಿಷಯ ತಿಳಿಸಿದೆ. ಪ್ಲೇಟು ಬದಲಾಯಿಸಿದ್ದನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಕಂಡವರು ತಮ್ಮ ಹೆಸರು ಹಾಕಲು ಒಪ್ಪುತ್ತಿರಲಿಲ್ಲ. "ಹೆಸರಿಲ್ಲದಿದ್ದರೆ ಬೇಡ" ಎಂದರು ಸಂಪಾದಕರು. ಆ ಒಂದು ವಿಷಯದಲ್ಲಿ ಅವರು ಸರಿಯಾಗಿದ್ದರು. ಬರೆಯದೆ ಇದ್ದೆ. ವಿಚಾರಣೆಯ ದಿನ ಹತ್ತಿರ ಬಂತು. ನನಗೆ ಗೊತ್ತಿದ್ದದ್ದು ಸುದ್ದಿಯಾಗದೆ, ಗೊತ್ತಿಲ್ಲ ಎನ್ನುವವರ ಹೇಳಿಕೆ ದಾಖಲೆಯಾಗಲಿತ್ತು.

ವಿಚಾರಣೆ ನಡೆದದ್ದು ಜಗಳೂರಿನ ಪ್ರವಾಸಿ ಮಂದಿರದ ಪಡಸಾಲೆಯಲ್ಲಿ, ಬೆಳಿಗ್ಗೆ. ವಿಚಾರಣಾಧಿಕಾರಿಯಾಗಿ ಬಂದವರು ನರಸಿಂಹಮೂರ್ತಿ. ತಲೆ ಪೂರಾ ನರೆತಿತ್ತು. "ಕೇಳಿಸಿಕೊಳ್ಳಿ, ನನ್ನ ಹೆಸರು ಹಾಕಬೇಡಿ" ಎಂದು ನನಗೆ ಹೊರಗಿನ ಕುರ್ಚಿ ತೋರಿಸಿದರು. ತಿಪ್ಪೇಸ್ವಾಮಿ ಗೋಡೆ ಪಕ್ಕದ ಬೆಂಚಿನಲ್ಲಿದ್ದ. ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿದ್ದ. ಊರಿನವರು ಅಂಗಳದ ಬೇವಿನ ಮರದ ಕೆಳಗೆ.

ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದರು. ಮೋಟಾರು ಐದರದ್ದು, ತಂತಿಯ ವಿಷಯ ಗೊತ್ತಿಲ್ಲ, ಲೈನ್‌ಮನ್ ಬಂದು ಹೋಗುತ್ತಿದ್ದದ್ದು ನಿಜ. ಎಲ್ಲರದೂ ಅದೇ ಮೂರು ಮಾತು. ಗುಮಾಸ್ತ ಬರೆದುಕೊಂಡ, ಅವರು ಸಹಿ ಹಾಕಿದರು, ಇಲ್ಲವೇ ಹೆಬ್ಬೆಟ್ಟು ಒತ್ತಿದರು. ಹೇಳಿಕೆ ಒಂದೊಂದಾಗಿ ಸೇರುತ್ತಿದ್ದಂತೆ ತಿಪ್ಪೇಸ್ವಾಮಿ ತನ್ನ ಎರಡು ಅಂಗೈಗಳನ್ನು ಮಂಡಿಗೆ ಉಜ್ಜುತ್ತಿದ್ದ.

ಕೊನೆಗೆ ಬೊಮ್ಮಕ್ಕ ಬಂದರು. ಕೂರಿ ಎಂದರೂ ಕೂರಲಿಲ್ಲ.

"ನಿಮ್ಮ ಮೋಟಾರು ಎಷ್ಟು ಎಚ್.ಪಿ. ಅಮ್ಮ?"

"ಹತ್ತು."

ಗುಮಾಸ್ತ ಪೆನ್ನು ಎತ್ತಿದ. ನರಸಿಂಹಮೂರ್ತಿಯವರು ಕಾಗದ ನೋಡಿದರು. "ದಾಖಲೆಯಲ್ಲಿ ಐದು ಅಂತಿದೆ."

"ಪ್ಲೇಟು ಐದರದ್ದು. ಪ್ಯಾಟೇಲಿ ಹೊಡೆಸ್ಕೊಂಡು ಬಂದು ಬಡಿದೀವಿ. ಮೋಟಾರು ಹತ್ತರದ್ದು."

"ಇದನ್ನ ಬರೆದುಕೊಂಡರೆ ನಿಮ್ಮ ಲೈನ್ ಕಟ್ ಮಾಡಬೇಕಾಗುತ್ತೆ. ಗೊತ್ತಿದೆಯಾ?"

"ಗೊತ್ತಿಲ್ದೆ ಬಂದೀನೇನಪ್ಪ? ಬಸ್ ಚಾರ್ಜ್ ಕೊಟ್ಟು ಬಂದೀನಿ."

"ಫ್ಯೂಸಿಗೆ ತಂತಿ ಕಟ್ಟಿದ್ದು?"

"ತಂತೀನೂ ನಮ್ಮನೇದೆ. ಇವ್ನು ಬಂದಾಗೆಲ್ಲ ಕಿತ್ತು ಬಿಸಾಕೋನು, ಹಿಗ್ಗಾಮುಗ್ಗಾ ಬೈಯೋನು. ಇವ್ನ ಸೈಕಲ್ಲು ಊರು ದಾಟಿದ ಮ್ಯಾಲೆ ತಿರಗಾ ಕಟ್ಟೋದು."

"ಕಟ್ಟಿದವರು ಯಾರು?"

"ತಂತಿ ನಂದು ಅಂದ ಮ್ಯಾಲೆ ಕೈ ಯಾರ್ದಾದ್ರೇನು? ನನ್ ಹೆಸ್ರೇ ಬರ್ಕಳ್ರಿ."

"ಉಳಿದವರ ಮೋಟಾರು?"

ಬೊಮ್ಮಕ್ಕ ಬೇವಿನ ಮರದ ಕಡೆ ನೋಡಿದರು. "ಅವ್ರ ಬಾಯಿ ಅವ್ರ ತಾವ ಐತೆ. ನನ್ ಬಾಯಾಗೆ ಎಷ್ಟು ಜನ ಮಾತಾಡ್ಬೇಕು?"

ಅಂಗಳದಲ್ಲಿ ಓಬಳೇಶಪ್ಪ ಎದ್ದುನಿಂತಿದ್ದರು. "ಊರನ್ನೇ ಮುಳುಗಿಸ್ತಾಳೆ ಈಕೆ" ಎಂದದ್ದು ಎಲ್ಲರಿಗೂ ಕೇಳಿಸಿತು.

ಬೊಮ್ಮಕ್ಕ ಮೆಟ್ಟಿಲಿನ ಮೇಲೆ ನಿಂತೇ ಉತ್ತರ ಕೊಟ್ಟರು. "ಮುಳುಗಾಕೆ ಬಾವ್ಯಾಗೆ ನೀರೆಲ್ಲೈತೆ ಓಬಳೇಶಪ್ಪ? ಅವ್ನು ಮ್ಯಾಲೆ ಕಂಬದಾಗೆ ಜೋತು ಬಿದ್ದಿರ್ತಾನೆ, ನಾನು ಕೆಳಗೆ ಸ್ವಿಚ್ ಕಾಯ್ತಿರ್ತೀನಿ. ಅಷ್ಟು ನಂಬಿ ಹತ್ತೋನ ಮ್ಯಾಲೆ ನಾನು ಸುಳ್ಳು ಹೇಳಿ ಹೆಬ್ಬೆಟ್ಟು ಒತ್ತಲಾ?"

ಹೆಬ್ಬೆಟ್ಟು ಒತ್ತಿ ಹೋದರು. ಹೇಳಿಕೆ ಬದಲಾಯಿಸಲು ಬೇರೆ ಯಾರೂ ಮುಂದೆ ಬರಲಿಲ್ಲ. ಉಳಿದ ಮೋಟಾರುಗಳನ್ನು ಅಳೆದು ನೋಡುವಂತೆಯೂ ಇರಲಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದ ಊರಿನಲ್ಲಿ ಅಳೆಯಲು ಕರೆಂಟೇ ಇರಲಿಲ್ಲ.

ಕಾಗದ ಜೋಡಿಸುತ್ತಾ ನರಸಿಂಹಮೂರ್ತಿಯವರು ನನಗೆ ಹೇಳಿದ್ದನ್ನು ಇಲ್ಲಿ ಸೇರಿಸುತ್ತೇನೆ. "ಎಲ್ಲ ಊರಿನವರೂ ಐದು ಅಂತ ಬರೆಸಿದರೆ ನಾವು ಐದಕ್ಕೇ ಸ್ಥಾವರ ಕಟ್ಟೋದು, ಐದಕ್ಕೇ ಲೈನ್ ಎಳೆಯೋದು. ಹತ್ತು ಎಳೆದಾಗ ಮಿಕ್ಕಿದ್ದನ್ನ ಕಲ್ಲಿದ್ದಲು ಸುಟ್ಟು ತುಂಬಬೇಕು. ಆ ಖರ್ಚು ಇವರ ಪ್ಲೇಟಿಗೆ ಬರಲ್ಲ. ಹೊನ್ನಾಳಿ ರುದ್ರಪ್ಪನ ಬಿಲ್ಲಿಗೆ ಹೋಗುತ್ತೆ, ನಿಮ್ಮ ಮನೆ ಬಿಲ್ಲಿಗೆ ಹೋಗುತ್ತೆ." ಕಾಗದದ ಕಟ್ಟಿಗೆ ದಾರ ಬಿಗಿದು, "ಇದನ್ನ ಬೇಕಾದರೆ ಬರೀರಿ" ಎಂದರು. ಬರೆದೆ. ಜಾಗವಿಲ್ಲವೆಂದು ಸಂಪಾದಕರು ಅದನ್ನು ತೆಗೆದರು. ಲೈನ್‌ಮನ್ ಮೇಲಿನ ಆರೋಪ ಸಾಬೀತಾಗಿಲ್ಲ ಎಂಬ ಒಂದು ಪ್ಯಾರಾ ಉಳಿಯಿತು. ಬೊಮ್ಮಕ್ಕನ ಹೆಸರು ಅದರಲ್ಲಿಲ್ಲ.

ತಿಪ್ಪೇಸ್ವಾಮಿಯನ್ನು ಕೆಲಸಕ್ಕೆ ಮರಳಿ ತೆಗೆದುಕೊಂಡು ಹೊನ್ನಾಳಿಗೆ ವರ್ಗ ಮಾಡಿದರು. ಸಾಸ್ವೆಹಳ್ಳಿ ಕಡೆಯ ಲೈನು ಅವನಿಗೆ ಬಂತು. ಬೊಮ್ಮಕ್ಕನ ಸಂಪರ್ಕ ಕಡಿದರು. ಊರಿಗೆ ಕರೆಂಟು ಮರಳಿದರೂ ಆ ಬೇಸಿಗೆ ಅವರ ಹೊಲಕ್ಕೆ ನೀರು ಹಾಯಲಿಲ್ಲ. ದಂಡ ಕಟ್ಟಿದ ಮೇಲೆ, ಮಳೆ ಶುರುವಾದ ನಂತರ, ಸಂಪರ್ಕ ಮರಳಿ ಬಂತು. ಹೊಸ ಟ್ರಾನ್ಸ್‌ಫಾರ್ಮರನ್ನು ದಾಖಲೆಯ ಪ್ರಕಾರ ಹಳೆಯದರ ಸಾಮರ್ಥ್ಯಕ್ಕೇ ಕೂರಿಸಿದರು. ಪಂಪ್‌ಸೆಟ್ ದರ ಎಂದಿನಂತೆ ಎಚ್.ಪಿ. ಲೆಕ್ಕದಲ್ಲೇ ಮುಂದುವರಿಯಿತು.

೧೯೮೯ರಲ್ಲಿ ಬೇರೊಂದು ಸುದ್ದಿಗೆ ಜಗಳೂರಿಗೆ ಹೋಗಿದ್ದಾಗ ಸೆಕ್ಷನ್ ಆಫೀಸಿನಲ್ಲಿ ಆ ಊರಿನ ವಿಷಯ ಕೇಳಿದೆ. ದಾಖಲೆಯ ಪ್ರಕಾರ ಆ ಊರಿನಲ್ಲಿ ಹತ್ತು ಎಚ್.ಪಿ. ಮೋಟಾರು ಒಂದೇ ಇತ್ತು. ಹತ್ತರ ದರ ಕಟ್ಟುತ್ತಿದ್ದವರು ಬೊಮ್ಮಕ್ಕ ಒಬ್ಬರೇ.